ಕಸ್ತೂರೆವ್ವನ ಕಾಲಿನ ಸಾಮಾನು

ಸಿಂದಗಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಸಿದ್ದರಾಯನ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಬಿದ್ದದ್ದನ್ನು ಕೇಳಿದವರು ಆ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಇದು ಅವನ ದೊಡ್ಡ ಗುಣ ಎನ್ನುವವರೂ ಇದ್ದರು. ಅವರೆಲ್ಲ ಸ್ವಂತ ಮೋಟಾರ್ ಸೈಕಲ್ ಇದ್ದವರು. ತಾಳಿಕೋಟೆಯ ಬಸ್ಸು ದಾರಿಯಲ್ಲಿ ಸ್ಪ್ರಿಂಗಿನ ಪಾಟಾ ಮುರಿದುಕೊಂಡು ಮಲಗಿದೆ ಎಂದು ಅದರ ಡ್ರೈವರನೇ ಲಾರಿ ಹತ್ತಿ ಬಂದು ಹೇಳಿ, ಎದುರಿನ ಬಾಕಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದರೂ, ಕಿಟಕಿಗೆ ಬಂದು ವಿಚಾರಿಸಿದ ಮುದುಕಿಗೆ ಸಿದ್ದರಾಯ “ಬರ್ತೈತಿ, ಕುಂದರು ಯವ್ವ” ಎನ್ನುತ್ತಿದ್ದ. ಸುಳ್ಳು ಹೇಳಬೇಕೆಂಬ ಹಟವೇನೂ ಅವನಿಗಿರಲಿಲ್ಲ. ಎದುರಿಗೆ ನಿಂತವರ ಮುಖ ಸಣ್ಣದಾಗುವುದನ್ನು ನೋಡುವ ಶಕ್ತಿಯನ್ನು ದೇವರು ಅವನಿಗೆ ಕೊಟ್ಟಿರಲಿಲ್ಲ, ಅಷ್ಟೆ. ಮುಖ ಹೇಗೂ ಆಮೇಲೆ ಸಣ್ಣದಾಗುತ್ತಿತ್ತು. ಅಷ್ಟರಲ್ಲಿ ಅವನ ಪಾಳಿ ಮುಗಿದಿರುತ್ತಿತ್ತು.

ಬಸ್ಸಿನ ವಿಷಯದಲ್ಲಿ ಇದು ನಡೆಯಿತು. ಕುರಿಗಳ ವಿಷಯದಲ್ಲಿ ನಡೆಯಲಿಲ್ಲ.

ಕುರಿಗಳು ಅವನ ತಾಯಿ ಕಸ್ತೂರೆವ್ವನವು. ಅವಳು ಕಂಬಳಿಯ ಮಡಿಲಲ್ಲಿ ಹುಟ್ಟಿ, ಹಿಂಡಿನ ಹಿಂದೆ ನಡೆದೇ ಮುದುಕಿಯಾದವಳು. ಮಗನಿಗೆ ಸರಕಾರಿ ನೌಕರಿ ಬಂದು, ಸಿಂದಗಿಯಲ್ಲಿ ಸಿಮೆಂಟಿನ ಮನೆಯಾದ ಮೇಲೂ ಹಿಂಡನ್ನು ಬಿಟ್ಟಿರಲಿಲ್ಲ. ಆ ವರ್ಷ, ಶತಮಾನ ಮುಗಿಯಲು ಬಂದಿದ್ದ ವರ್ಷ, ಯಾರದೋ ತೊಗರಿಯ ಹೊಲಕ್ಕೆ ನುಗ್ಗಿದ ಟಗರನ್ನು ಅಟ್ಟಲು ಹೋಗಿ ಒಡ್ಡಿನ ಕಲ್ಲಿನ ಮೇಲೆ ಬಿದ್ದಳು. ತೊಡೆಯ ಎಲುಬು ಮುರಿಯಿತು. ಬಿಜಾಪುರದ ದವಾಖಾನೆಯಲ್ಲಿ ಬಹಳ ದಿನ ಮಲಗಬೇಕಾಯಿತು. ಇತ್ತ ಹಿಂಡು ಕಾಯುವವರಿಲ್ಲ. ಸಿದ್ದರಾಯನಿಗೆ ಡ್ಯೂಟಿ, ಅವನ ಹೆಂಡತಿ ಮಹಾನಂದಾಳಿಗೆ ಮನೆ, ಎಮ್ಮೆ ಮತ್ತು ಗಂಡ. ಅದೇ ಹೊತ್ತಿಗೆ ಝಳಕಿಯ ಮಾಳಿಂಗಪ್ಪ ಬಂದು ಹಿಂಡನ್ನು ತನಗೇ ಕೊಡುತ್ತೀರೇನು ಎಂದು ಕೇಳಿದ. ಕೇಳಿದವನು ಒಳ್ಳೆಯ ಮನುಷ್ಯ, ದೂರದಿಂದ ಬಂದಿದ್ದ, ಬಿಸಿಲು ಬೇರೆ. ಸಿದ್ದರಾಯ “ಹೌದ್ರಿ” ಅಂದುಬಿಟ್ಟ.

ಕಸ್ತೂರೆವ್ವ ಮನೆಗೆ ಬಂದ ಕೂಡಲೇ ಕೇಳಿದ್ದು ನೀರಲ್ಲ, ಕುರಿ. ಅವು ಹೊಳಿ ಕಡೆ ಮೇಯಾಕ ಹೋಗ್ಯಾವ, ಬರ್ತಾವ ಎಂದ ಮಗ. ಅವಳು ಅವನ ಮುಖವನ್ನೊಮ್ಮೆ ನೋಡಿ, “ಬರಲಿ. ಬಂದ ದಿನ ಏಳ್ತೇನಿ” ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಎಲುಬು ಕೂಡಿತು. ಡಾಕ್ಟರು ಬಂದು ನೋಡಿ, ಕಾಲಿಗೇನೂ ಆಗಿಲ್ಲ, ಇನ್ನು ನಡೆಯಬೇಕು, ಈಗ ನಡೆಯದಿದ್ದರೆ ಮುಂದೆ ನಡೆಯಬೇಕೆಂದರೂ ಆಗುವುದಿಲ್ಲ ಎಂದರು. ಮುದುಕಿ ಏಳಲಿಲ್ಲ. ದಿನಾ ಸಂಜೆ, ಹಟ್ಟಿಗೆ ಹಿಂಡು ತಿರುಗುವ ಹೊತ್ತಿಗೆ, “ಬಂದುವೇನು?” ಎನ್ನುತ್ತಿದ್ದಳು. ಸಿದ್ದರಾಯ “ಬರ್ತಾವ” ಎನ್ನುತ್ತಿದ್ದ. ಇಲ್ಲಿ ಪಾಳಿ ಮುಗಿಯುತ್ತಿರಲಿಲ್ಲ. ಅವನಿಗೆ ಅನ್ನ ಸೇರದಾಯಿತು. ಖರೆ ಹೇಳಿದರೆ ತಾಯಿ ಎದೆ ಒಡೆದುಕೊಂಡಾಳು, ಹೇಳದಿದ್ದರೆ ಮಲಗಿದಲ್ಲೇ ಉಳಿದಾಳು. ಎರಡರ ನಡುವೆ ಸಿಕ್ಕವನು ಮೂರನೆಯ ಹಾದಿ ಹುಡುಕುತ್ತಿದ್ದ. ಇಂಥವರಿಗೆ ಮೂರನೆಯ ಹಾದಿ ಸಿಕ್ಕೇ ಸಿಗುತ್ತದೆ, ಅದೇ ತೊಂದರೆ.

ಅವನ ಮಗಳು ಕಾವೇರಿಯ ಹತ್ತಿರ ಒಂದು ಟಿವಿ ಗೇಮ್ ಇತ್ತು. ಎಲ್ಲರ ಮನೆಯಲ್ಲೂ ಇದ್ದಂಥದೇ. ಯಾವುದೋ ದೇಶದ ದೊಡ್ಡ ಕಂಪನಿಯ ಡಬ್ಬಿಯನ್ನು ನೋಡಿ ಇನ್ನಾರೋ ಮಾಡಿದ್ದು, ಜಾತ್ರೆ-ಸಂತೆಗಳಲ್ಲೆಲ್ಲ ಸಿಗುವಂಥದು. ಅದರ ನೆತ್ತಿಯ ಮೇಲಿನ ಬಾಯಿಗೆ ಕೈಯಗಲದ ಹಳದಿ ಕ್ಯಾಸೆಟ್ಟು ತುರುಕಿದರೆ ಟಿವಿಯಲ್ಲಿ ಆಟ ಬರುತ್ತಿತ್ತು. ಆ ವಾರ ಮಹಾನಂದಾಳ ಕಡೆಯ ನೆಂಟನೊಬ್ಬ ಮುಂಬಯಿಯಿಂದ ಬಂದವನು, ಗೋದಾಮಿನಲ್ಲಿ ಸಿಕ್ಕಿತೆಂದು ಕಾವೇರಿಗೆ ಒಂದು ಪರದೇಶದ ಕ್ಯಾಸೆಟ್ಟು ಕೊಟ್ಟುಹೋದ. ಬೂದು ಬಣ್ಣದ್ದು, ಅಸಲಿ ಕಂಪನಿಯದು, ಅಗಲವೆಂದರೆ ಅಗಲ. ಅದು ಮನೆಯ ಡಬ್ಬಿಯ ಬಾಯಿಯೊಳಗೆ ಹೋಗಲೇ ಇಲ್ಲ. ಸಿದ್ದರಾಯ ಓರೆಯಾಗಿ ಹಿಡಿದು ನೋಡಿದ, ಕೊಬ್ಬರಿಎಣ್ಣೆ ಸವರಿ ನೋಡಿದ. ಪಕ್ಕದ ಮನೆಯ ಇಮಾಮಬಿ ಇಣುಕಿ, ಬಡಿಗ್ಯಾರ ಕಡೆ ಒಯ್ದು ಎರಡೂ ಮಗ್ಗಲು ಉಜ್ಜಿಸಿದರೆ ಆಯಿತಲ್ಲ ಎಂದಳು. ಇದೂ ಸರಿ ಅನ್ನಿಸಿ ಸಿದ್ದರಾಯ ಚೂರಿ ತರಲು ಎದ್ದ. ಕಾವೇರಿ ಕ್ಯಾಸೆಟ್ಟನ್ನು ಎದೆಗವಚಿಕೊಂಡು ಅಳತೊಡಗಿದಳು.

ಆ ಅಳುವಿಗೆ ಕಸ್ತೂರೆವ್ವ ಗೋಡೆಯಿಂದ ಈಚೆ ಹೊರಳಿದಳು. ಏನದು ತಾ ಎಂದಳು. ಕ್ಯಾಸೆಟ್ಟಿನ ಮೇಲೊಂದು ಚಿತ್ರವಿತ್ತು: ಹಸಿರು ಗುಡ್ಡ, ಕೋಲು ಹಿಡಿದ ಕುರುಬ, ಮುಂದೆ ಹಿಂಡು, ಹಿಂದೆ ಪೊದೆಯಲ್ಲಿ ತೋಳ. ಮುದುಕಿ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ತ್ವಾಳ ಹಿಂದಿಂದ ಬರಾಕತ್ತೈತಿ, ಇಂವ ಮುಂದ ನೋಡ್ಕೋತ ಹೊಂಟಾನ. ಎಂಥ ಕುರುಬನೋ ಏನೋ. ಇವು ಟಿವ್ಯಾಗ ನಡೀತಾವೇನ?”

“ನಡೀತಾವ ಯವ್ವ.”

“ತೋರಸು.”

“ತೋರಸ್ತೇನಿ, ತಗೋ.”

ಮುದುಕಿ ಇಷ್ಟು ಮಾತಾಡಿ ಎಷ್ಟೋ ದಿನವಾಗಿತ್ತು. ಸಿದ್ದರಾಯನ ಕಣ್ಣಲ್ಲಿ ನೀರು ಬಂತು. ಈ ಕುರಿಗಳನ್ನು ನೋಡುತ್ತ ಆ ಕುರಿಗಳನ್ನು ಮರೆತಾಳು, ಮರೆತು ಎದ್ದಾಳು ಎಂದು ಅವನ ಆಸೆ. ಆಗಲೇ ಹೋಗಿ ಮುದ್ದೇಬಿಹಾಳಕ್ಕೆ ಫೋನು ಹಚ್ಚಿದ. ಅಲ್ಲಿ ಅವನ ಹೆಂಡತಿಯ ತಮ್ಮ ದುಂಡೇಶ ತಾಸಿನ ಲೆಕ್ಕದಲ್ಲಿ ಹುಡುಗರಿಗೆ ವಿಡಿಯೊ ಗೇಮ್ ಆಡಿಸುವ ಅಂಗಡಿ ಇಟ್ಟಿದ್ದ. ದುಂಡೇಶ ಎಲ್ಲ ಕೇಳಿ, “ಮಾಮಾ, ಮೊದಲ ಆ ಚೂರಿ ಕೆಳಗಿಡ್ರಿ” ಎಂದ. ಇಂಥದಕ್ಕೆಂದೇ ಅಡಾಪ್ಟರ್ ಎಂಬ ಸಾಮಾನು ಬರುತ್ತದೆ ಎಂದು ತಿಳಿಸಿ ಹೇಳಿದ. ಅದರ ಮೇಲೆ ಅಗಲ ಬಾಯಿ, ಕೆಳಗೆ ಕಿರಿದಾದ ಹಲ್ಲಿನ ಪಟ್ಟಿ. ಪರದೇಶದ ಕ್ಯಾಸೆಟ್ಟನ್ನು ಅದರ ತಲೆಯ ಮೇಲೆ ಕೂಡಿಸಿ, ಅದನ್ನು ನಮ್ಮ ಡಬ್ಬಿಯಲ್ಲಿ ಊರಿದರೆ, ಕ್ಯಾಸೆಟ್ಟು ತಾನು ತನ್ನ ದೇಶದಲ್ಲೇ ಇದ್ದೇನೆ ಎಂದುಕೊಂಡು ಆಡತೊಡಗುತ್ತದೆ. ತನ್ನಲ್ಲಿ ಒಂದಿದೆ, ನಾಳೆ ಮುಂಜಾನೆಯ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ ಎಂದ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಈ ಸೀಮೆಯ ಬಸ್ಸುಗಳು ಮನುಷ್ಯರಿಗಿಂತ ಹೆಚ್ಚು ನಿಷ್ಠೆಯಿಂದ ಬುತ್ತಿಗಳನ್ನು ಸಾಗಿಸುತ್ತವೆ. ಹಳ್ಳಿಯಲ್ಲಿ ತಾಯಂದಿರು ನಸುಕಿಗೆದ್ದು ರೊಟ್ಟಿ ಬಡಿದು, ಡಬ್ಬಿಗೆ ತುಂಬಿ, ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ ಬಸ್ಸಿನಲ್ಲಿಡುತ್ತಾರೆ. ಊರಲ್ಲಿ ಹಾಸ್ಟೆಲಿನ ಹುಡುಗರು ಬಂದು ಇಳಿಸಿಕೊಳ್ಳುತ್ತಾರೆ. ಗಂಟಿನ ಮೇಲೆ ಹೆಸರಿರುವುದಿಲ್ಲ. ಅವರವರ ತಾಯಿಯ ಗಂಟು ಅವರವರಿಗೆ ಗೊತ್ತು. ಎರಡನೆಯ ಪದ್ಧತಿ ಇದಕ್ಕಿಂತ ಗಟ್ಟಿ: ಅಕ್ಕನ ಮನೆಗೆ ಬುತ್ತಿಯಿಲ್ಲದೆ ಏನನ್ನೂ ಕಳಿಸುವಂತಿಲ್ಲ. ಬರೀ ಒಂದು ಪ್ಲಾಸ್ಟಿಕ್ ತುಂಡನ್ನು ಅತ್ತಿಗೆಯ ಮನೆಗೆ ಕಳಿಸಿದರೆ ಜನ ಏನಂದಾರು ಎಂದು ದುಂಡೇಶನ ಹೆಂಡತಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹೋಳಿಗೆ ಎಲ್ಲ ಮಾಡಿದಳು. ಮುದ್ದೇಬಿಹಾಳದ ರಸ್ತೆಯನ್ನು ನೆನೆದು, ಅಡಾಪ್ಟರಿಗೆ ಪೆಟ್ಟಾಗದಿರಲೆಂದು ಅದನ್ನು ರೊಟ್ಟಿಗಳ ನಡುವೆ ಇಟ್ಟಳು. ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದಳು.

ಬಸ್ಸು ಬಸವನ ಬಾಗೇವಾಡಿಗೆ ಬಂದಾಗ ಹಾಸ್ಟೆಲಿನ ಹುಡುಗರು ಮುತ್ತಿದರು. ಕಂಡಕ್ಟರ್ ಹೊಸಬ. ಬಿಳಿ ಅರಿವೆ ಕಂಡದ್ದನ್ನೆಲ್ಲ ಇಳಿಸಿಕೊಟ್ಟು ಸೀಟಿ ಊದಿದ.

ಸಿಂದಗಿಯಲ್ಲಿ ಬಸ್ಸನ್ನೆಲ್ಲ ತಡಕಿದರೂ ಗಂಟು ಸಿಗಲಿಲ್ಲ. ಮನೆಯಲ್ಲಿ ತಾಯಿ ಮುಂಜಾನೆಯಿಂದ ಈ ಕಡೆ ಹೊರಳಿಯೇ ಮಲಗಿದ್ದಾಳೆ, ಮುಖ ಟಿವಿಯ ಕಡೆ. ಸಿದ್ದರಾಯ ದಿಕ್ಕು ತೋಚದೆ ಮೈಕು ಹಿಡಿದ. ಮೈಕು ಹಿಡಿದರೆ ಅವನಿಗೆ ಸರಕಾರಿ ಭಾಷೆಯೇ ಬರುತ್ತಿತ್ತು. “ಪ್ರಯಾಣಿಕರ ಗಮನಕ್ಕೆ. ಮುದ್ದೇಬಿಹಾಳದಿಂದ ಬಂದ ವಾಹನದಲ್ಲಿ ನಮ್ಮ ಪೂಜ್ಯ ತಾಯಿಯವರಿಗಾಗಿ ಕಳುಹಿಸಲಾದ ಅತಿ ಅವಶ್ಯಕ ಸಾಮಾನು ದಾರಿಯಲ್ಲಿ ಕಾಣೆಯಾಗಿರುತ್ತದೆ” ಎಂದ.

ಕ್ಯಾಂಟೀನಿನ ಪರಸಪ್ಪ ಕೈಯಲ್ಲಿ ಭಜಿ ತೆಗೆಯುವ ಜಾರಿ ಹಿಡಿದೇ ಓಡಿಬಂದ. “ಅವ್ವನ ಕಾಲಿಗಿ ಹಾಕೋದೇನ್ರಿ ಸಾಹೇಬ್ರ?”

ಇಲ್ಲಿ ಸಿದ್ದರಾಯ ‘ಅಲ್ಲ’ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸರಕಾರಿ ಮೈಕಿನಲ್ಲಿ ಕೂಗಿದ್ದು ಆಟದ ಸಾಮಾನಿಗೆ ಎಂದು ಹೇಳುವುದು ಹೇಗೆ? ಪರಸಪ್ಪನ ಮುಖವೋ, ಈಗಲೇ ಅಳುವ ಹಾಗಿತ್ತು.

“ಹೌದ್ರಿ” ಎಂದ ಸಿದ್ದರಾಯ.

ಮುಂದೆ ಅವನು ಏನೂ ಹೇಳಬೇಕಾಗಲಿಲ್ಲ. ಎಲ್ಲವನ್ನೂ ಊರೇ ಹೇಳಿಕೊಂಡಿತು. ಕಸ್ತೂರೆವ್ವನ ತೊಡೆಯ ಎಲುಬು ಎರಡೂ ಕಡೆಯಿಂದ ಬೆಳೆದು ಬಂದು ನಡುವೆ ಕೂಡಿಲ್ಲ, ಅಲ್ಲಿ ಹಾಕಲು ಪರದೇಶದಿಂದ ಒಂದು ಸಾಮಾನು ತರಿಸಿದ್ದಾರೆ, ಅದನ್ನು ಹಾಕಿದರೆ ಏಳುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ಕ್ಯಾಂಟೀನು ತೀರ್ಮಾನಿಸಿತು. ಇಂಡಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮಲ್ಲಣ್ಣ ಫೋನು ಮಾಡಿ, ಇಂಡಿಯಲ್ಲಿ ಇಳಿಯುವ ಗಂಟುಗಳನ್ನೆಲ್ಲ ತಾನೇ ಬಿಚ್ಚಿ ನೋಡುತ್ತಿದ್ದೇನೆ, ಇದುವರೆಗೆ ರೊಟ್ಟಿಯೇ ಸಿಕ್ಕಿವೆ ಎಂದ. ಜೊತೆಗೆ, ಇಂಥದೇ ಒಂದು ತನ್ನ ಸೋದರತ್ತೆಯ ಮೊಣಕಾಲಿಗೆ ಬೇಕಿತ್ತು, ಅಳತೆ ಹೇಗೆ ಎಂದು ವಿಚಾರಿಸಿದ. ಮಾತು ಡಾಕ್ಟರ ಕಿವಿಗೂ ಬಿತ್ತು. ತಾವು ಗುಣವಾಗಿದೆ ಎಂದ ಕಾಲಿಗೆ ಪರದೇಶದ ಸಾಮಾನು ಬರುತ್ತಿದೆ ಎಂದರೆ ಬಿಜಾಪುರದ ದೊಡ್ಡವರು ಏನೋ ಕಂಡುಹಿಡಿದಿರಬೇಕೆಂದು ಹೆದರಿ ಅವರು ಗಪ್ಪಾಗಿ ಉಳಿದರು. ಓದಿದವರು ಗಪ್ಪಾದದ್ದನ್ನು ಜನ ಒಪ್ಪಿಗೆ ಎಂದೇ ತಿಳಿಯುತ್ತಾರೆ.

ಸಿದ್ದರಾಯ ಖರೆ ಹೇಳಲು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ಬಂದು, ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ, ದೇವರಿದ್ದಾನ ಎಂದು ಭುಜ ತಟ್ಟಿ ಅವನ ಬಾಯಿ ಮುಚ್ಚಿಸುತ್ತಿದ್ದರು.

ಅತ್ತ ಬಾಗೇವಾಡಿಯ ಹಾಸ್ಟೆಲಿನಲ್ಲಿ ಹುಡುಗರು ಹೆಚ್ಚಾಗಿ ಬಂದ ಗಂಟನ್ನು ಬಿಚ್ಚಿ, ಹೋಳಿಗೆಯನ್ನು ಮೊದಲು ಮುಗಿಸಿ, ರೊಟ್ಟಿಗೆ ಕೈ ಹಾಕಿದಾಗ ನಡುವೆ ಹಸಿರು ಹಲಗೆಯೊಂದು ಬಂಗಾರದ ಹಲ್ಲು ಕಿರಿದು ಕೂತಿತ್ತು. ವಾರ್ಡನ್ ಪೇಪರು ಓದುವ ಮನುಷ್ಯ. ರೊಟ್ಟಿಯಲ್ಲಿ ಬಚ್ಚಿಟ್ಟ ಯಂತ್ರ ಎಂದರೆ ಏನೆಂದು ಅವರಿಗೆ ಗೊತ್ತಿತ್ತು. ಅದನ್ನು ಮೊರದಲ್ಲಿಟ್ಟು, ಮೊರವನ್ನು ಉದ್ದ ಕೋಲಿನಿಂದ ತಳ್ಳುತ್ತ, ಅಂತೂ ಪೊಲೀಸರವರೆಗೆ ಮುಟ್ಟಿಸಿದರು. ಫೌಜದಾರರು ಅದನ್ನು ಉಸುಕಿನ ಬಕೀಟಿನಲ್ಲಿ ಹೂಳಿಸಿ, ದೂರ ನಿಂತು ಟೊಪ್ಪಿಗೆ ಸರಿಮಾಡಿಕೊಂಡರು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಿಂದ ಸುದ್ದಿ ಬಂತು: ಅದು ಸಿಂದಗಿ ಕಂಟ್ರೋಲರ ತಾಯಿಯ ಕಾಲೊಳಗೆ ಹಾಕುವ ಸಾಮಾನು. ಫೌಜದಾರರಿಗೂ ತಾಯಿಯಿದ್ದಳು. ತಾನು ಒಬ್ಬ ತಾಯಿಯ ಎಲುಬನ್ನು ಉಸುಕಿನಲ್ಲಿ ಹೂಳಿದೆನಲ್ಲ ಎಂದು ಅವರಿಗೆ ಬಹಳ ಕೆಟ್ಟದೆನಿಸಿತು. ಹೊರಗೆ ತೆಗೆಸಿ, ಡೆಟಾಲಿನಲ್ಲಿ ತೊಳೆಸಿ, ನರ್ಸಮ್ಮನ ಕೈಯಿಂದ ಬಿಳಿ ಗಾಜ್ ಬಟ್ಟೆ ಸುತ್ತಿಸಿ, ಸ್ಟೀಲಿನ ತಾಟಿನಲ್ಲಿಟ್ಟುಕೊಂಡು ಸ್ವತಃ ಜೀಪು ಹತ್ತಿದರು.

ಜೀಪು ಸಿಂದಗಿ ಮುಟ್ಟುವಷ್ಟರಲ್ಲಿ ಸಿದ್ದರಾಯನ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಪರಸಪ್ಪ ಕ್ಯಾಂಟೀನು ಮುಚ್ಚಿ ಟೆಂಗಿನಕಾಯಿ ತಂದಿದ್ದ. ಇಮಾಮಬಿ ದೊಡ್ಡ ಭಗುಣಿಯಲ್ಲಿ ನೀರು ಕಾಯಿಸಿಟ್ಟಿದ್ದಳು, ಯಾಕೆಂದು ಅವಳನ್ನೂ ಸೇರಿ ಯಾರಿಗೂ ಗೊತ್ತಿರಲಿಲ್ಲ. ಮಲ್ಲಣ್ಣ ಇಂಡಿಯಿಂದ ಸೋದರತ್ತೆಯ ಮೊಣಕಾಲಿನ ಅಳತೆಯ ದಾರ ತಂದಿದ್ದ. ಮಹಾನಂದಾ ಗಂಡನನ್ನು ಬಚ್ಚಲ ಕಡೆ ಎಳೆದು, ಇದೇನು ಮಾಡಿಟ್ಟೀರಿ ಎಂದು ಕೇಳಿದಳು. ಎಲ್ಲಾ ಸರಿ ಹೋಗ್ತೈತಿ ಎಂದ ಅವನು. ಅವಳು ಹಣೆ ಬಡಿದುಕೊಂಡು ಒಳಗೆ ಹೋದಳು.

ಫೌಜದಾರರು ಬೂಟು ಬಿಚ್ಚಿ, ತಾಟು ಹಿಡಿದು ಒಳಗೆ ಬಂದರು. ಕಸ್ತೂರೆವ್ವ ಮಲಗಿದಲ್ಲಿಂದಲೇ ತಾಟು ನೋಡಿದಳು, ಗಾಜ್ ಬಟ್ಟೆ ನೋಡಿದಳು, ಭಗುಣಿಯ ನೀರು ನೋಡಿದಳು. ಮೊಮ್ಮಗಳನ್ನು ಹತ್ತಿರ ಕರೆದು ಏನಿದೆಲ್ಲ ಎಂದು ಕೇಳಿದಳು. ನಿನ್ನ ಕಾಲು ಕೊಯ್ದು ಒಳಗೆ ಹಾಕ್ತಾರಂತ ಆಯಿ ಎಂದಳು ಕಾವೇರಿ.

“ಸಿದ್ದಾ” ಎಂದಳು ಮುದುಕಿ. ಹಿಂಡನ್ನು ಕರೆಯುವ ದನಿ ಅದು. ಮಂದಿ ತಾವಾಗಿಯೇ ದಾರಿ ಬಿಟ್ಟರು. “ಇದನ್ನ ನನ್ನ ಕಾಲಿಗಿ ಹಾಕಾವರೇನು?”

ಸಿದ್ದರಾಯ ಫೌಜದಾರರ ಮುಖ ನೋಡಿದ. ಪರಸಪ್ಪನ ಮುಖ ನೋಡಿದ. ಇಷ್ಟು ಮುಖಗಳು ಒಂದೇ ಸಲ ಸಣ್ಣದಾಗುವುದನ್ನು ನೋಡಬೇಕಾಗುತ್ತದೆ ಎಂದು ಅವನೆಂದೂ ಎಣಿಸಿರಲಿಲ್ಲ. ಬಾಯಿ ಅಭ್ಯಾಸದಂತೆ ‘ಹೌ’ ಎಂದು ತೆರೆದುಕೊಂಡಿತು. ಆಗ ತಾಯಿಯ ಕಣ್ಣಲ್ಲಿ ಹೆದರಿಕೆ ಕಂಡಿತು. ತೋಳಕ್ಕೆ ಹೆದರದವಳು, ಮಗನಿಗೆ ಹೆದರಿದ್ದಳು.

“ಇಲ್ಲ” ಎಂದ ಸಿದ್ದರಾಯ.

ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಇದು ಕಾಲಿನದಲ್ಲ, ಕಾವೇರಿಯ ಆಟದ್ದು, ಅಗಲ ಕ್ಯಾಸೆಟ್ಟನ್ನು ಕಿರಿದಾದ ಬಾಯಿಯ ಡಬ್ಬಿಗೆ ಕೂಡಿಸುವುದು, ಟಿವಿಯಲ್ಲಿ ನಿನಗೆ ಕುರಿ ತೋರಿಸಬೇಕೆಂದು ತರಿಸಿದ್ದು. ಫೌಜದಾರರು ಕೈಯಲ್ಲಿದ್ದ ತಾಟನ್ನು ಒಮ್ಮೆ, ಬರಿಗಾಲನ್ನು ಒಮ್ಮೆ ನೋಡಿಕೊಂಡರು.

“ಟಿವ್ಯಾನ ಕುರಿಗಿ ಇಷ್ಟ ಗದ್ದಲ ಯಾಕೋ?” ಎಂದಳು ಕಸ್ತೂರೆವ್ವ. “ನಮ್ಮವು ಬರ್ತಾವಲ್ಲ.”

ಒಮ್ಮೆ ಆಡಿದ ಬಾಯಿಗೆ ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ಎದೆಗೆ ಮಾತ್ರ ಆಯಿತು.

“ಬರಂಗಿಲ್ಲ ಯವ್ವ. ನೀ ದವಾಖಾನ್ಯಾಗ ಇದ್ದಾಗ ಝಳಕಿ ಮಾಳಿಂಗಪ್ಪಗ ಮಾರೇನಿ.”

ಮುದುಕಿಯ ಕೈ ಹಾಸಿಗೆಯ ಮಗ್ಗಲು ತಡಕಾಡಿತು. ಅಲ್ಲಿ ಕುರಿ ಕಾಯುವ ಕೋಲಿತ್ತು. ದವಾಖಾನೆಗೂ ಅದನ್ನು ಜೊತೆಗೇ ಒಯ್ದಿದ್ದಳು. ಕೋಲೂರಿ ಎದ್ದು ಕೂತಳು. ಗೋಡೆ ಹಿಡಿದು ನಿಂತಳು. ಎಲ್ಲರೂ ನೋಡುತ್ತಿದ್ದಂತೆ ಕಾಲೆಳೆಯುತ್ತ ಹೆಜ್ಜೆ ಹಾಕಿ ಬಂದು ಮಗನ ಬೆನ್ನಿಗೆ ಬಾರಿಸಿದಳು. ಪೆಟ್ಟು ಬಿದ್ದರೂ ಅವನು ಸರಿಯಲಿಲ್ಲ. ಸರಿದರೆ ಅವಳು ಬಿದ್ದಾಳೆಂದು ಹೆದರಿ ಹಾಗೇ ನಿಂತಿದ್ದ. ಅವಳು ಕೋಲು ಕೆಳಗೆ ಬಿಟ್ಟು, ಅದೇ ಬೆನ್ನಿಗೆ ಆತುಕೊಂಡು ಅತ್ತಳು.

“ಮಾರಿದ್ದಕ್ಕಲ್ಲೋ. ದಿನಾ ಸಂಜಿಮುಂದ ಕಿವಿಗೊಟ್ಟು ಮಲಗತಿದ್ದೆ. ಗಂಟಿ ಸಪ್ಪಳ ಬರ್ತೈತೇನೋ ಅಂತ.”

ಸಿದ್ದರಾಯನೂ ಅತ್ತ. ಇಮಾಮಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಟ್ಟಾಗಬೇಕೆಂದಿದ್ದ ಫೌಜದಾರರಿಗೆ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಪರಸಪ್ಪನ ಗದ್ಗದ ದನಿ ಕೇಳಿತು.

“ಏನ್ ಸಾಮಾನ್ರೀ ಅದು. ಹಾಕೂದ್ರೊಳಗ ಮುದುಕಿ ನಡದ ಬಿಟ್ಲಲ್ಲ.”

ಹೌದಲ್ಲ ಎಂದಿತು ಮಂದಿ. ಸಿದ್ದರಾಯ ತಿರುಗಿ, ಇಲ್ರಿ, ಹಂಗಲ್ರಿ ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಜನ್ಮದಲ್ಲಿ ಎಂದೂ ‘ಇಲ್ಲ’ ಎನ್ನದವನು ‘ಇಲ್ಲ’ ಎಂದರೆ ನಂಬುವುದು ಹೇಗೆ? ಮಲ್ಲಣ್ಣ ಮೆಲ್ಲಗೆ ಬಂದು ಅಳತೆಯ ದಾರವನ್ನು ಅವನ ಜೇಬಿನಲ್ಲಿಟ್ಟ. ಟೆಂಗಿನಕಾಯಿಗಳು ಫಟಫಟನೆ ಒಡೆದವು.

ಇಷ್ಟೆಲ್ಲ ನಡೆಯುವಾಗ ಕಾವೇರಿ ತಾಟಿನಿಂದ ಅಡಾಪ್ಟರನ್ನು ಎತ್ತಿಕೊಂಡು, ಬಟ್ಟೆ ಬಿಚ್ಚಿ, ಬಾಯಿಂದ ಊದಿ ಸಂದಿಯಲ್ಲುಳಿದ ಉಸುಕು ಮತ್ತು ಸಜ್ಜೆ ರೊಟ್ಟಿಯ ಚೂರು ಹಾರಿಸಿ, ಕ್ಯಾಸೆಟ್ಟು ಕೂಡಿಸಿ ಡಬ್ಬಿಗೆ ಊರಿಬಿಟ್ಟಿದ್ದಳು. ಟಿವಿಯಲ್ಲಿ ಗುಡ್ಡ ಹಸಿರಾಯಿತು. ಕುರಿಗಳು ಬಂದವು. ಫೌಜದಾರರು, ಬಂದದ್ದಕ್ಕೆ ಒಂದು ಕೈ ನೋಡಿಯೇಬಿಡೋಣ ಎಂದು ಆಡಲು ಕೂತರು. ತೋಳ ಬಂದು ಅವರ ಹಿಂಡನ್ನೆಲ್ಲ ಒಯ್ದಿತು. ಹಿಂದೆ ನಿಲ್ರಿ, ಹಿಂದೆ ನಿಲ್ರಿ ಎಂದು ಕಸ್ತೂರೆವ್ವ ಮಗನ ಹೆಗಲು ಹಿಡಿದು ನಿಂತಲ್ಲಿಂದಲೇ ಬೈದಳು. ಆಮೇಲೆ ತಾನೇ ಹೋಗಿ ಅವರ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿ, ಚಂದ ಅದಾವ, ಆದರ ಇವಕ್ಕ ವಾಸನಿ ಇಲ್ಲ ಎಂದಳು.

ಆ ವಾರವೇ ಒಂದು ಮುಂಜಾನೆ ಸಿದ್ದರಾಯ ರಜೆ ಹಾಕಿ, ತಾಯಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಝಳಕಿಗೆ ಹೋಗಿ ಮಾಳಿಂಗಪ್ಪನ ಹಟ್ಟಿಯಲ್ಲಿ ತನ್ನ ಹಿಂಡನ್ನು ಒಮ್ಮೆ ನೋಡಿ ಬರಬೇಕೆಂದು ಅವಳ ಆಸೆ. ತನ್ನದೇ ಸ್ಟ್ಯಾಂಡಿನ ಬಾಕಿನ ಮೇಲೆ ಅವನು ಪ್ರಯಾಣಿಕನಾಗಿ ಕೂತದ್ದು ಅದೇ ಮೊದಲು. ಬಾಕು ಇಷ್ಟು ಗಟ್ಟಿ ಎಂದು ಅವನಿಗೆ ಗೊತ್ತಿರಲಿಲ್ಲ. ಬಿಸಿಲೇರಿತು. ಝಳಕಿಗೆ ಹೋಗಲು ಹತ್ತಬೇಕಾದ ಇಂಡಿ ಕಡೆಯ ಬಸ್ಸಿನ ಸುದ್ದಿಯಿರಲಿಲ್ಲ. ಕಿಟಕಿಯಲ್ಲಿ ಕೂತ ಬದಲಿ ಕಂಟ್ರೋಲರ್ ಎಲ್ಲರಿಗೂ ಬರ್ತೈತಿ, ಬರ್ತೈತಿ ಎನ್ನುತ್ತಿದ್ದ.

ಕಸ್ತೂರೆವ್ವ ಕೋಲನ್ನು ಮೊಣಕಾಲಿಗೆ ಆನಿಸಿ ಮಗನ ಕಡೆ ತಿರುಗಿದಳು. “ಬಸ್ಸು ಬರ್ತೈತೇನೋ?”

ಸಿದ್ದರಾಯ ರಸ್ತೆಯನ್ನು ನೋಡಿದ. ತಾಯಿಯ ಮುಖವನ್ನೂ ನೋಡಿದ.

“ಗೊತ್ತಿಲ್ಲ ಯವ್ವ” ಎಂದ.

ಅವಳು ತಲೆಯಾಡಿಸಿ, ಮಡಿಲಲ್ಲಿದ್ದ ಬಿಳಿ ಅರಿವೆಯ ಗಂಟು ಬಿಚ್ಚಿ, ಒಂದು ರೊಟ್ಟಿಯನ್ನು ಎರಡು ಮಾಡಿ ದೊಡ್ಡ ತುಂಡನ್ನು ಅವನ ಕೈಗಿಟ್ಟಳು.

“ಹಂಗಾರ ಉಣ್ಣು. ಇಬ್ಬರೂ ಕೂಡಿ ದಾರಿ ನೋಡೂಣು.”